ನವಕೋಟಿ ನಾರಾಯಣನ ಭಕ್ತಿ ಮತ್ತು ಕಳಂಕ

ಗುಂಡ್ಲುಪೇಟೆಯಿಂದ ಊಟಿಯ ಕಡೆಗೆ ಹೊರಟ ಪ್ರವಾಸಿಗರಿಗೆ ದಾರಿಯಲ್ಲಿ ಹಂಗಳವೆಂಬ ಊರು ಸಿಗುತ್ತದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಯಾತ್ರಿಕರು ಹೆದ್ದಾರಿಯನ್ನು ಬಿಟ್ಟು ಹೊರಳುವುದು ಇಲ್ಲಿಯೇ. ಮುನ್ನೂರೈವತ್ತು ವರ್ಷಗಳ ಹಿಂದೆ ಮೈಸೂರಿನ ರಾಜಕುಮಾರನೊಬ್ಬ ಈ ಹಂಗಳದಲ್ಲಿ ಕಾವಲಿನಲ್ಲಿದ್ದನೆಂಬುದು ಅವರಲ್ಲಿ ಎಷ್ಟು ಮಂದಿಗೆ ತಿಳಿದೀತು? ಆ ಕುಮಾರನೇ ಮುಂದೆ ಚಿಕ್ಕದೇವರಾಜ ಒಡೆಯರೆಂದು ಪ್ರಖ್ಯಾತರಾಗಿ, ೧೬೭೩ರಿಂದ ೧೭೦೪ರವರೆಗೆ ಮೈಸೂರನ್ನಾಳಿದರು.

ಅವರ ರಾಜ್ಯಭಾರದ ಸಾಧನೆಗಳನ್ನು ಶಾಲೆಯ ಮಕ್ಕಳೂ ಬಲ್ಲರು. ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿ 'ಅಠಾರಾ ಕಚೇರಿ'ಯನ್ನು ಏರ್ಪಡಿಸಿದವರು ಅವರು. ಅಂಚೆಯ ವ್ಯವಸ್ಥೆಯನ್ನು ನೆಲೆಗೊಳಿಸಿದವರು ಅವರು. ಮೊಗಲರ ಸೇನಾನಿ ಕಾಸಿಂಖಾನನಿಂದ ಮೂರು ಲಕ್ಷ ರೂಪಾಯಿಗೆ ಬೆಂಗಳೂರನ್ನು ಪಡೆದುಕೊಂಡವರೂ ಅವರೇ. ಕೋಟೆಗಳನ್ನು ಗೆದ್ದುದಕ್ಕಿಂತ ಹೆಚ್ಚಾಗಿ ಬೊಕ್ಕಸವನ್ನು ತುಂಬಿದ್ದಕ್ಕೆ ಜನರು ಅವರಿಗೆ 'ನವಕೋಟಿ ನಾರಾಯಣ'ನೆಂಬ ಹೆಸರನ್ನಿತ್ತರು. ಆದರೆ ಈ ಕೀರ್ತಿಯ ಬೆನ್ನಿಗೇ ಘೋರವಾದ ಅಪವಾದವೊಂದು ಅಂಟಿಕೊಂಡಿದೆ. ನಂಜನಗೂಡಿನಲ್ಲಿ ನಾನೂರು ಮಂದಿ ಜಂಗಮರನ್ನು ಮೋಸದಿಂದ ಕೊಲ್ಲಿಸಿದರೆಂಬುದೇ ಆ ಅಪವಾದ.

ಈ ಅರಸರ ಮತವಾದರೂ ಯಾವುದು? ಬಾಲ್ಯದಲ್ಲಿ ಅವರಿಗೆ ಜಂಗಮರ ತತ್ತ್ವಗಳಲ್ಲಿ ಶಿಕ್ಷಣವಾಗಿತ್ತೆಂದು ಇತಿಹಾಸಕಾರ ವಿಲ್ಕ್ಸ್ ಬರೆಯುತ್ತಾನೆ. ಹಂಗಳದ ದಿನಗಳಲ್ಲಿ ಅವರಿಗೆ ಆಪ್ತನಾಗಿದ್ದವನು ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತ. ಪಟ್ಟವೇರಿದೊಡನೆ ಅರಸರು ಆ ಗೆಳೆಯನನ್ನೇ ಪ್ರಧಾನಿಯನ್ನಾಗಿ ಮಾಡಿಕೊಂಡರು. ಅರಸರು ಒಳಗೊಳಗೇ ಜೈನರಾಗಿದ್ದಾರೆಂಬ ಗುಸುಗುಸು ಊರೆಲ್ಲ ಹಬ್ಬಿತು. ಆದರೆ ಬಹಿರಂಗದಲ್ಲಿ ಅವರು ನಾಮಧಾರಿಗಳಾದ ಶ್ರೀವೈಷ್ಣವರು. ತಂದೆಯ ಸ್ಮರಣೆಗಾಗಿ ಗುಂಡ್ಲುಪೇಟೆಯಲ್ಲಿ ಪರವಾಸುದೇವರ ದೇವಾಲಯವನ್ನು ಕಟ್ಟಿಸಿದರು. ಮೇಲುಕೋಟೆಯ ನಾರಾಯಣನಿಗೆ ನಿವೇದಿಸಿಕೊಂಡ ಮೂವತ್ತು ಬಿನ್ನಪಗಳ ಗದ್ಯಕೃತಿಯೊಂದು ಅವರ ಹೆಸರಿನಲ್ಲಿದೆ. ಅದನ್ನು ಬರೆದವನು ಆಸ್ಥಾನದ ತಿರುಮಲಾರ್ಯನೇ ಇರಬೇಕೆಂದು ವಾದಿಸುವ ವಿದ್ವಾಂಸರೂ ಉಂಟು. ಹೀಗೆ ಭಕ್ತಿಯ ಸಾಕ್ಷಿಯೂ ವಿವಾದಕ್ಕೆ ಹೊರತಾಗಿಲ್ಲ.

ಅರಸರ ದಿನಚರಿಯ ಬಗೆಗೆ ವಿಲ್ಕ್ಸ್ ಹೇಳುವ ಮಾತೊಂದು ಸ್ವಾರಸ್ಯಕರವಾಗಿದೆ. ಪ್ರಾತಃಕಾಲದ ಸ್ನಾನವನ್ನು ಮುಗಿಸಿ, ಹಣೆಗೆ ನಾಮವನ್ನಿಟ್ಟುಕೊಂಡ ಬಳಿಕ, ಸಾವಿರ ವರಹಗಳ ಎರಡು ಚೀಲಗಳನ್ನು ಬೊಕ್ಕಸಕ್ಕೆ ಸೇರಿಸಿಯೇ ಅವರು ಉಪಾಹಾರಕ್ಕೆ ಏಳುತ್ತಿದ್ದರಂತೆ. ಸೀಮೆಗಳಿಂದ ಹಣ ಬರುವುದು ತಡವಾದರೆ ಊಟವೂ ತಡ! ದೇವರ ಸೇವೆಯೂ ಬೊಕ್ಕಸದ ಸೇವೆಯೂ ಅವರ ಪಾಲಿಗೆ ಒಂದೇ ನಿಷ್ಠೆಯ ಎರಡು ಮುಖಗಳಾಗಿದ್ದವು.

ಆ ಚೀಲಗಳು ತುಂಬುತ್ತಿದ್ದ ಬಗೆಯಲ್ಲಿಯೇ ಅಪವಾದದ ಬೇರು ಅಡಗಿದೆ. ಬೆಳೆಯ ಆರನೆಯ ಒಂದು ಪಾಲು ದೊರೆಗೆ ಸಲ್ಲಬೇಕೆಂಬುದು ಶಾಸ್ತ್ರದ ಕಟ್ಟಳೆ. ಅದನ್ನು ಬಹಿರಂಗವಾಗಿ ಮೀರಿದರೆ ಧರ್ಮಕ್ಕೆ ಚ್ಯುತಿ. ಆದುದರಿಂದ ಕಂದಾಯವನ್ನು ಹೆಸರಿಗೆ ಹಾಗೆಯೇ ಉಳಿಸಿ, ಅದರ ಸುತ್ತಲೂ ಸಣ್ಣಪುಟ್ಟ ತೆರಿಗೆಗಳ ಬೇಲಿಯನ್ನು ಕಟ್ಟಲಾಯಿತು. ಮನೆಗೊಂದು ತೆರಿಗೆ, ಮಗ್ಗಕ್ಕೊಂದು ತೆರಿಗೆ, ಕುರಿಗೊಂದು, ಮದುವೆಗೊಂದು. ರೈತನ ಹೊಲದಲ್ಲೇ ಬೆಳೆದ ಹುಲ್ಲಿಗೆ 'ಹುಲ್ಲು ಹಣ'. ಶಾಸ್ತ್ರದ ಅಕ್ಷರ ಉಳಿಯಿತು, ರೈತನ ಕಣಜ ಬರಿದಾಯಿತು.

ರೈತರು ಪ್ರತಿಭಟಿಸಿದ ರೀತಿಯೂ ಅಪೂರ್ವವಾದುದು. ನೇಗಿಲನ್ನು ತಲೆಕೆಳಗಾಗಿಸಿ ಊರಬಾಗಿಲಿಗೋ ಊರ ಮುಂದಿನ ಮರಕ್ಕೋ ತೂಗಹಾಕಿ, ಉಳುಮೆಯನ್ನೇ ನಿಲ್ಲಿಸಿಬಿಟ್ಟರು. ಹಳ್ಳಿಹಳ್ಳಿಗಳಲ್ಲಿ ಜನರ ಗುರುಗಳಾಗಿದ್ದ ಜಂಗಮರು ಈ ಚಳವಳಿಯ ಮುಂದಾಳುಗಳಾದರು. ಅರಸರು ನಂಜನಗೂಡಿನಲ್ಲಿ ಸಂದರ್ಶನವನ್ನೀಯುವರೆಂದು ಜಂಗಮರಿಗೆ ಕರೆಹೋಯಿತಂತೆ. ಒಬ್ಬೊಬ್ಬರೇ ಬಂದು ವಂದಿಸಿ, ಸತ್ಕಾರಕ್ಕೆಂದು ಡೇರೆಯ ಹಿಂದಕ್ಕೆ ಹೋದಾಗ, ಅಲ್ಲಿ ಕಾದಿದ್ದ ಕಟುಕರು ಸದ್ದಿಲ್ಲದೆ ಅವರ ಶಿರಚ್ಛೇದ ಮಾಡಿ ಮೊದಲೇ ತೋಡಿದ್ದ ಹಳ್ಳಕ್ಕೆ ಉರುಳಿಸಿದರಂತೆ. ಅನಂತರ ಏಳುನೂರಕ್ಕೂ ಮಿಕ್ಕ ಮಠಗಳು ನಾಶವಾದುವಂತೆ. ಓದಿದವರ ಎದೆ ನಡುಗಿಸುವ ಕಥೆಯಿದು.

ಆದರೆ ಇದನ್ನು ಹೇಳಿದವರು ಯಾರು? ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಕರ್ನಲ್ ವಿಲ್ಕ್ಸ್ ತನ್ನ ಇತಿಹಾಸದ ಮೊದಲ ಸಂಪುಟವನ್ನು ಅಚ್ಚುಹಾಕಿಸಿದ್ದು ೧೮೧೦ರಲ್ಲಿ. ಘಟನೆ ನಡೆಯಿತೆನ್ನಲಾದ ಕಾಲಕ್ಕೆ ನೂರಿಪ್ಪತ್ತು ವರ್ಷಗಳಿಗೂ ಮೀರಿದ ಅಂತರ. ಚಾಮರಾಜನಗರದ ಸಮೀಪದ ಮಲೆಯೂರು ಕನಕಗಿರಿಯ ಜೈನ ವಿದ್ವಾಂಸ ದೇವಚಂದ್ರನ 'ರಾಜಾವಳೀ ಕಥೆ'ಯಲ್ಲಿಯೂ ವಿಶಾಲಾಕ್ಷ ಪಂಡಿತನ ವೃತ್ತಾಂತ ಬರುತ್ತದೆ. ಅದು ೧೮೩೮ರ ಸುಮಾರಿನ ಗ್ರಂಥ. ಆಸ್ಥಾನಕವಿಗಳೋ ಇಂತಹ ಮಾತನ್ನು ಸೊಲ್ಲೆತ್ತುವವರಲ್ಲ. ಈ ಕಾರಣಗಳಿಂದ ಹಯವದನರಾಯರು ತಮ್ಮ 'ಮೈಸೂರು ಇತಿಹಾಸ'ದಲ್ಲಿ ಹತ್ಯೆಯ ಕಥೆಯನ್ನು ಸಂಶಯದಿಂದಲೇ ಕಂಡಿದ್ದಾರೆ.

ಹಾಗೆಂದು ಎಲ್ಲವೂ ಕಟ್ಟುಕಥೆಯೆಂದು ಕೈತೊಳೆದುಕೊಳ್ಳುವಂತಿಲ್ಲ. ತೆರಿಗೆಯ ಭಾರದಿಂದ ಮೈಸೂರಿನ ಪ್ರಜೆಗಳು ದಂಗೆಯೆದ್ದುದನ್ನೂ ಅದನ್ನು ಕ್ರೂರವಾಗಿ ಅಡಗಿಸಿದ್ದನ್ನೂ ಮಧುರೆಯ ಕಡೆಯ ಜೆಸುಯಿಟ್ ಪಾದ್ರಿಗಳು ಆ ಕಾಲದಲ್ಲಿಯೇ ತಮ್ಮ ಪತ್ರಗಳಲ್ಲಿ ಪ್ರಸ್ತಾಪಿಸಿದ್ದಾರೆ. ೧೬೮೬ರಲ್ಲಿ ವಿಶಾಲಾಕ್ಷ ಪಂಡಿತನ ಕೊಲೆಯಾಯಿತು. ತೆರಿಗೆಗಳ ಹೊಣೆಯನ್ನು ಜನರು ಹೊರಿಸಿದ್ದು ಅವನ ಮೇಲೆಯೇ. ಆದುದರಿಂದ ದಂಗೆ ನಿಜ, ದಮನವೂ ನಿಜವೆನ್ನಬಹುದು. ನಂಜನಗೂಡಿನ ಹಳ್ಳದ ಕಥೆಗೆ ಮಾತ್ರ ಸಮಕಾಲೀನ ಪುರಾವೆ ದೊರೆತಿಲ್ಲ.

ಅದೇ ಕಾಲದಲ್ಲಿ ಇಂಗ್ಲೆಂಡನ್ನು ಆಳುತ್ತಿದ್ದವನು ಮೂರನೆಯ ವಿಲಿಯಂ. ಪ್ರಾಟೆಸ್ಟಂಟ್ ಧರ್ಮದ ರಕ್ಷಕನೆಂದು ಒಂದು ಪಕ್ಷ ಅವನನ್ನು ಕೊಂಡಾಡಿದರೆ, ಐರ್ಲೆಂಡಿನ ಕ್ಯಾಥೊಲಿಕರ ಪಾಲಿಗೆ ಆತ ಪೀಡಕ. ೧೬೯೨ರ ಫೆಬ್ರವರಿಯಲ್ಲಿ ಸ್ಕಾಟ್‌ಲೆಂಡಿನ ಗ್ಲೆಂಕೊ ಕಣಿವೆಯಲ್ಲಿ, ರಾಜನಿಷ್ಠೆಯ ಪ್ರಮಾಣವಚನಕ್ಕೆ ತಡಮಾಡಿದ ಮೆಕ್‌ಡೊನಾಲ್ಡ್ ಕುಲದ ಸುಮಾರು ೩೮ ಮಂದಿಯನ್ನು, ಅವರ ಮನೆಯಲ್ಲೇ ಅತಿಥಿಗಳಾಗಿ ಉಂಡಿದ್ದ ಸೈನಿಕರು ಕೊಂದರು. ೧೬೯೫ರ ವಿಚಾರಣೆ ತಪ್ಪನ್ನು ಮಂತ್ರಿಯ ಮೇಲೆ ಹೊರಿಸಿ ದೊರೆಯನ್ನು ಪಾರುಮಾಡಿತು. ಆದರೆ ಅಲ್ಲಿ ವಿಲಿಯಂನ ಸಹಿಯಿದ್ದ ಆಜ್ಞಾಪತ್ರವಿದೆ, ವಿಚಾರಣೆಯ ದಾಖಲೆಯಿದೆ. ಇಷ್ಟಿದ್ದೂ ವಾದ ಮುಗಿದಿಲ್ಲ. ಕಾಗದವೇ ಉಳಿಯದ ನಂಜನಗೂಡಿನ ಪ್ರಕರಣದಲ್ಲಿ ತೀರ್ಪಿಗೆ ಆತುರಪಡುವುದು ಸಲ್ಲದು.

ಈ ವಿವಾದವನ್ನು ಇಂದಿಗೂ ಮತಮತಗಳ ಕಾದಾಟವೆಂಬಂತೆ ಹೇಳುವವರಿದ್ದಾರೆ: ನಾಮದವರು ವಿಭೂತಿಯವರನ್ನು ಕೊಂದರು, ಜೈನ ಮಂತ್ರಿ ವೀರಶೈವರ ಮೇಲೆ ಹಗೆ ತೀರಿಸಿಕೊಂಡನು, ಇತ್ಯಾದಿ. ಆದರೆ ವಿಲ್ಕ್ಸ್ ಹೇಳಿದ ಕಥೆಯನ್ನೇ ಗಮನವಿಟ್ಟು ಓದಿದರೆ, ಜಗಳ ಮೊದಲಾದದ್ದು ಕಣದಲ್ಲಿ. ದೇಗುಲದ ಬಾಗಿಲಲ್ಲಿ ಅಲ್ಲ. ಮರಕ್ಕೆ ತೂಗಿದ ವಸ್ತು ನೇಗಿಲು. ಯಾರ ಧರ್ಮಚಿಹ್ನೆಯೂ ಅಲ್ಲ. ಸಾಯುವ ಮುನ್ನ ಜೈನನಾದ ವಿಶಾಲಾಕ್ಷ ಪಂಡಿತ ತನ್ನ ಸ್ಥಾನಕ್ಕೆ ಸೂಚಿಸಿದ ಹೆಸರು ಶ್ರೀವೈಷ್ಣವನಾದ ತಿರುಮಲಯ್ಯಂಗಾರನದು. ಇದನ್ನು ಮತದ್ವೇಷದ ಸೂತ್ರದಿಂದ ಬಿಡಿಸುವುದು ಹೇಗೆ?

ಅರಸರ ಭಕ್ತಿ ಸುಳ್ಳೆನ್ನಲು ಕಾರಣವಿಲ್ಲ. ಆದರೆ ಗುಂಡ್ಲುಪೇಟೆಯಲ್ಲಿ ಕಟ್ಟಿಸಿದ ಗುಡಿಯಾಗಲಿ, ಮೇಲುಕೋಟೆಗೆ ಸಲ್ಲಿಸಿದ ಬಿನ್ನಪವಾಗಲಿ ಹುಲ್ಲಿನ ಮೇಲೆ ಹಾಕಿದ ತೆರಿಗೆಗೆ ಸಮಜಾಯಿಷಿಯಾಗಲಾರದು. ಅಂತೆಯೇ ಆ ತೆರಿಗೆ ನಿಜವೆಂಬ ಮಾತ್ರಕ್ಕೆ ನಾನೂರು ತಲೆಗಳ ಲೆಕ್ಕವೂ ನಿಜವಾಗಲಾರದು. ಎರಡನ್ನೂ ಬೇರೆಬೇರೆ ತೂಗುವುದೇ ನ್ಯಾಯ.

ಕಾಲ ತನ್ನದೇ ರೀತಿಯಲ್ಲಿ ಈ ಗಾಯಕ್ಕೆ ಮದ್ದು ಹಚ್ಚಿತು. ಅದೇ ವಂಶದ ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆ ಹುಟ್ಟಿದ ಅರಿಕುಠಾರಕ್ಕೆ ೧೮೧೮ರಲ್ಲಿ ಚಾಮರಾಜನಗರವೆಂದು ಹೆಸರಿಟ್ಟು, ೧೮೨೬ರಲ್ಲಿ ಅಲ್ಲಿ ಚಾಮರಾಜೇಶ್ವರನೆಂಬ ಶಿವನ ಆಲಯವನ್ನು ಕಟ್ಟಿಸಿದರು. ನಂಜನಗೂಡಿನ ಶ್ರೀಕಂಠೇಶ್ವರನಿಗೂ ಅವರು ಪರಮಭಕ್ತರು. ಗುಂಡ್ಲುಪೇಟೆಯ ಪರವಾಸುದೇವನಿಗೂ ಚಾಮರಾಜನಗರದ ಈಶ್ವರನಿಗೂ ಗುಡಿ ಕಟ್ಟಿಸಿದ್ದು ಒಂದೇ ಮನೆತನ. ಎರಡಕ್ಕೂ ಹಣವನ್ನೊದಗಿಸಿದ್ದು ನೇಗಿಲು ಹಿಡಿದ ಕೈ.