ನೋವಿನ ಲೆಕ್ಕ ಇಡುವವರು ಬೇಕು



ತೋಟದಲ್ಲಿ ಲೆಕ್ಕಕ್ಕೇನೂ ಕೊರತೆಯಿಲ್ಲ. ಎಷ್ಟು ಕಿಲೋ ಹಣ್ಣು ಕೊಯ್ದೆವು, ಎಷ್ಟು ದಿನ ಹಾಜರಿ ಬಿತ್ತು, ಮುಂಗಡದಲ್ಲಿ ಎಷ್ಟು ಹಿಡಿಯಬೇಕು ಎಂಬುದೆಲ್ಲ ರೈಟರ ಪುಸ್ತಕದಲ್ಲಿರುತ್ತದೆ. ಆದರೆ ಔಷಧಿ ಹೊಡೆದ ದಿನ ಸಂಜೆ ಎಷ್ಟು ಮಂದಿಗೆ ತಲೆ ಸುತ್ತಿತು? ಮೆಣಸು ಕೊಯ್ಯುವ ಏಣಿಯಿಂದ ಈ ವರ್ಷ ಎಷ್ಟು ಮಂದಿ ಬಿದ್ದರು? ಇದನ್ನು ಕೇಳಿದರೆ ಹೆಚ್ಚಿನ ಕಡೆ ಉತ್ತರ ದೊರೆಯದು. ನಾವೂ ಅದನ್ನು ಹಣೆಬರಹವೆಂದು ಸುಮ್ಮನಾಗುತ್ತೇವೆ.

ಹಣೆಬರಹವಲ್ಲ, ಅಳೆದು ತಡೆಯಬಹುದಾದ ಸಂಗತಿ ಎಂದು ಕಲಿಸುವ ಒಂದು ವಿದ್ಯೆಯಿದೆ. ಪರಿಸರ, ಕೆಲಸದ ಸುರಕ್ಷತೆ ಹಾಗೂ ಆರೋಗ್ಯ ನಿರ್ವಹಣೆ ಎಂದು ಅದನ್ನು ಕರೆಯುತ್ತಾರೆ. ಧೂಳು, ಸದ್ದು, ಬಿಸಿಲು, ವಿಷ ಇವುಗಳನ್ನು ಅಳೆಯುವುದು ಅದರ ಮೊದಲ ಪಾಠ. ಅಪಾಯವನ್ನು ತಡೆಯುವುದಕ್ಕೂ ಅದರಲ್ಲಿ ಒಂದು ಕ್ರಮವಿದೆ. ಸಾಧ್ಯವಾದರೆ ಅಪಾಯವನ್ನೇ ತೆಗೆದುಹಾಕು. ಆಗದಿದ್ದರೆ ಕಡಿಮೆ ಅಪಾಯದ ವಸ್ತುವನ್ನು ಬಳಸು. ಅಪಾಯಕ್ಕೂ ಕೆಲಸಗಾರನಿಗೂ ನಡುವೆ ತಡೆಯೊಡ್ಡು. ಕೆಲಸದ ವೇಳೆ ಮತ್ತು ರೀತಿಯನ್ನು ಬದಲಿಸು. ಕೈಚೀಲ, ಮುಖಕವಚ ಕೊನೆಯವು. ಒಂದು ಮುಖಕವಚ ಕೊಟ್ಟು ಕೈತೊಳೆದುಕೊಳ್ಳುವುದು ಸುರಕ್ಷತೆಯಲ್ಲ ಎಂದು ಈ ವಿದ್ಯೆಯೇ ಹೇಳುತ್ತದೆ.

ಲೆಕ್ಕ ಇಡುವುದರಿಂದ ಏನಾಗುತ್ತದೆ ಎಂದು ಕೇಳುವವರು ಗಡಿನಾಡಾದ, ನಮ್ಮಂತೆಯೇ ಕನ್ನಡ ಆಡುವ ಕಾಸರಗೋಡನ್ನು ನೋಡಲಿ. ಅಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಎಣ್ಮಕಜೆ ಪಂಚಾಯತಿಯ ಪಡ್ರೆ ಗ್ರಾಮದಲ್ಲಿ ವೈದ್ಯ ಡಾ. ವೈ. ಎಸ್. ಮೋಹನ ಕುಮಾರರು ಯಾವ ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ ಎಂದು ಗುರುತಿಸತೊಡಗಿದರು. ಪತ್ರಕರ್ತ ಶ್ರೀ ಪಡ್ರೆಯವರು ಅದನ್ನು ಬರೆದು ನಾಡಿಗೆ ತಿಳಿಸಿದರು. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ಬಂದು, ಅಲ್ಲಿನ ಶಾಲಾ ಮಕ್ಕಳನ್ನು ಔಷಧಿ ಬೀಳದ ಬೇರೊಂದು ಊರಿನ ಮಕ್ಕಳೊಡನೆ ಹೋಲಿಸಿ ರಕ್ತ ಪರೀಕ್ಷಿಸಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಆ ವಿಷವನ್ನು ನಿಲ್ಲಿಸಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಆಜ್ಞೆ ಮಾಡಿತು. ಕಣ್ಣೀರು ಮೊದಲಿನಿಂದಲೂ ಇತ್ತು. ನ್ಯಾಯಾಲಯದ ಬಾಗಿಲು ತೆರೆಯಲು ಲೆಕ್ಕವೂ ಬೇಕಾಯಿತು.

ನಮ್ಮ ರಾಜ್ಯದ್ದೇ ಇನ್ನೊಂದು ಉದಾಹರಣೆ. ಏರ್ಕಾಡಿನ ಮೇಲೆ ತಂಪಿದ್ದರೂ, ತೋಟದಲ್ಲಿ ಕೆಲಸವಿಲ್ಲದಾಗ ನಮ್ಮಲ್ಲಿ ಕೆಲವರು ಬೆಟ್ಟ ಇಳಿದು ಹೊಲಗಳಿಗೂ ಇಟ್ಟಿಗೆ ಗೂಡುಗಳಿಗೂ ಹೋಗುವುದುಂಟು. ಚೆನ್ನೈಯ ಶ್ರೀ ರಾಮಚಂದ್ರ ಸಂಸ್ಥೆಯವರು 2017ರಿಂದ ತಮಿಳುನಾಡಿನ 800 ಗರ್ಭಿಣಿಯರನ್ನು ಕುರಿತು ಅಧ್ಯಯನ ನಡೆಸಿದರು. ತೀವ್ರ ಬಿಸಿಲಿನಲ್ಲಿ ದುಡಿದವರಿಗೆ ಗರ್ಭಪಾತದ ಅಪಾಯ ದುಪ್ಪಟ್ಟು ಎಂದು ಕಂಡುಬಂತು. ಅಜ್ಜಿಯರಿಗೆ ಗೊತ್ತಿದ್ದ ಮಾತೇ ಇದು. ಆದರೆ ಎಣಿಸಿ ತೋರಿಸಿದ ಮೇಲೆ ಅದನ್ನು ತಳ್ಳಿಹಾಕುವುದು ಕಷ್ಟ.

ಕಾನೂನೂ ಈ ಲೆಕ್ಕವನ್ನು ಕೇಳುತ್ತದೆ. 1951ರ ತೋಟ ಕಾರ್ಮಿಕರ ಕಾಯಿದೆಗೆ 2010ರಲ್ಲಿ ಮಾಡಿದ ತಿದ್ದುಪಡಿಯಂತೆ, ಔಷಧಿ ಮುಟ್ಟುವ ಕೆಲಸಗಾರರಿಗೆ ತರಬೇತಿ, ರಕ್ಷಣಾ ಉಡುಪು, ಸ್ನಾನದ ಸೌಕರ್ಯ, ಕಾಲಕಾಲಕ್ಕೆ ವೈದ್ಯ ಪರೀಕ್ಷೆ ಇರಬೇಕಾಗಿತ್ತು. ಆರೋಗ್ಯದ ದಾಖಲೆ ಇಡಬೇಕಾಗಿತ್ತು. ಅದನ್ನು ನೋಡುವ ಹಕ್ಕು ಕೆಲಸಗಾರನಿಗಿತ್ತು. ಔಷಧಿಯ ಬಳಕೆಯನ್ನು ನೋಡಿಕೊಳ್ಳಲು ತಕ್ಕ ಅರ್ಹತೆಯುಳ್ಳವರನ್ನು ನೇಮಿಸಬೇಕಾಗಿತ್ತು. ಹಳೆಯ ಕಾಯಿದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ 2020ರ ಸುರಕ್ಷತಾ ಸಂಹಿತೆಯೂ ತೋಟದ ಔಷಧಿಗಳ ವಿಷಯದಲ್ಲಿ ರಕ್ಷಣೆ ಕೊಡುತ್ತದೆ. ಆದರೆ ದೊಡ್ಡ ಕಾರ್ಖಾನೆ, ಗಣಿ, ಕಟ್ಟಡದ ಕೆಲಸಗಳಿಗೆ ಸುರಕ್ಷತಾ ಅಧಿಕಾರಿ ಇರಲೇಬೇಕೆಂದ ಆ ಸಂಹಿತೆ ತೋಟವನ್ನು ಆ ಪಟ್ಟಿಯಲ್ಲಿ ಸೇರಿಸಿಲ್ಲ. ಇದು ಸರಿಯೇ? ನಮ್ಮ ಸಂಘಗಳು ಕೇಳಬೇಕಾದ ಪ್ರಶ್ನೆಯಿದು.

ಹಾಗಾದರೆ ಈ ವಿದ್ಯೆಯನ್ನು ಯಾರು ಕಲಿಯಬೇಕು? ನಮ್ಮ ಲೈನಿನ ಮಕ್ಕಳೇ ಏಕೆ ಕಲಿಯಬಾರದು? ತಿರುಚ್ಚಿಯ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯಲ್ಲಿ ಎಂಜಿನಿಯರಿಂಗ್ ಪದವೀಧರರಿಗೆ ಕೈಗಾರಿಕಾ ಸುರಕ್ಷತೆಯ ಎಂ.ಟೆಕ್. ಇದೆ. ಚೆನ್ನೈಯ ಪ್ರಾದೇಶಿಕ ಕಾರ್ಮಿಕ ಸಂಸ್ಥೆ ಕೇಂದ್ರ ಸರಕಾರದ್ದು. ಅಲ್ಲಿ ಕೈಗಾರಿಕಾ ಸುರಕ್ಷತೆಯ ಡಿಪ್ಲೊಮಾ ಇದೆ. ಸರಕಾರಿ ಶಾಲೆಯಲ್ಲಿ ಓದಿದವರಿಗೆ ಎಂಜಿನಿಯರಿಂಗ್ ಪ್ರವೇಶದಲ್ಲಿ ಶೇಕಡಾ 7.5 ಮೀಸಲು 2021ರ ಕಾಯಿದೆಯಿಂದ ಬಂದಿದೆ. ಕಾರ್ಖಾನೆಯ ಸುರಕ್ಷತಾ ಅಧಿಕಾರಿಗೆ ಅಲ್ಲಿನ ಬಹುಪಾಲು ಕೆಲಸಗಾರರ ಭಾಷೆ ತಿಳಿದಿರಬೇಕೆಂದು ರಾಜ್ಯಗಳ ನಿಯಮಗಳಲ್ಲಿ ಬರೆದದ್ದುಂಟು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು ಆಡುವ ನಮ್ಮ ಮಕ್ಕಳಿಗೆ ಆ ಅರ್ಹತೆ ಹುಟ್ಟಿನಿಂದಲೇ ಇದೆಯಲ್ಲವೇ?

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕೆಲವೇ ವಾರಗಳಲ್ಲಿ ಸುರಕ್ಷತೆಯ ಸರ್ಟಿಫಿಕೇಟು, ಹೊರದೇಶದಲ್ಲಿ ಕೆಲಸ ಎಂದು ಆಸೆ ತೋರಿಸುವವರು ಬರುತ್ತಾರೆ. ಆ ಕಾಗದಕ್ಕೆ ಸರಕಾರದ ಮಾನ್ಯತೆ ಇದೆಯೇ ಎಂದು ವಿಚಾರಿಸದೆ ಸಾಲ ಮಾಡಬೇಡಿರಿ, ಒಡವೆ ಅಡವಿಡಬೇಡಿರಿ.

ಮಕ್ಕಳು ಓದಿ ಬರುವವರೆಗೆ ನಾವು ಕಾಯುತ್ತ ಕೂರಬೇಕಾಗಿಲ್ಲ. ಔಷಧಿ ಡಬ್ಬದ ಮೇಲಿನ ಬಣ್ಣವನ್ನು ನೋಡಿರಿ: ಕೆಂಪು ಅತಿ ಘೋರ ವಿಷ, ಹಳದಿ ಅದರ ನಂತರದ್ದು, ನೀಲಿ ಮಧ್ಯಮ, ಹಸಿರು ಇವುಗಳಲ್ಲಿ ಕಡಿಮೆ. ಹಸಿರಾದರೂ ವಿಷವೇ. ಖಾಲಿ ಡಬ್ಬದಲ್ಲಿ ನೀರು ತುಂಬಬೇಡಿರಿ. ಮನೆಯಲ್ಲಿ ಒಂದು ನೋಟು ಪುಸ್ತಕವಿಟ್ಟು ಯಾವ ದಿನ, ಯಾವ ಔಷಧಿ, ಯಾರಿಗೆ ಏನಾಯಿತು ಎಂದು ಶಾಲೆಗೆ ಹೋಗುವ ಮಗಳಿಂದ ಬರೆಯಿಸಿರಿ. ಮುಂದೆ ಅವಳು ಈ ವಿದ್ಯೆಯನ್ನು ಓದಲು ಹೋದರೆ, ಮೊದಲ ಪಾಠ ಆಗಲೇ ಕಲಿತಾಗಿರುತ್ತದೆ.