ಮೂಗುದಾರ ಈಗ ನಮ್ಮ ಮೊಬೈಲ್‌ನಾಗ ಅದ

1/6
ದೋಸ್ತರೇ, ಯಾರ ಸ್ಟೋರಿ ತೆಗೆದ್ರೂ ಅದೇ ರೀಲ್ಸ್. ಮಂಗನ ಮರಿಗೆ ಡೈಪರ್, ಫ್ರಾಕ್, ಬಾಟಲಿ ಹಾಲು. ಕೆಳಗ ನಮ್ಮ ಕ್ಲಾಸಿನವರದೇ ಕಾಮೆಂಟು: "ಎಷ್ಟು ಕ್ಯೂಟ್ ಅದ!", "ನಂಗೂ ಒಂದು ಬೇಕು!" ಒಂದೇ ಪ್ರಶ್ನೆ ಕೇಳ್ತೀನಿ. ಅದರ ತಾಯಿ ಎಲ್ಲದ?

2/6
ಯಾಪಲದಿನ್ನಿಯ ಮಾಳಿಗಿ ಮ್ಯಾಲೆ ಓಡಾಡೋ ಮಂಗ್ಯಾಗಳನ್ನ ನೋಡ್ರಿ. ಮರಿ ತಾಯಿ ಹೊಟ್ಟಿ ಬಿಟ್ಟು ಕದಲಂಗಿಲ್ಲ. ತಾಯಿ ತಾನಾಗಿ ಕೊಡಂಗಿಲ್ಲ. ಆಫ್ರಿಕಾದಾಗ ಚಿಂಪಾಂಜಿ ಮರಿ ಹಿಡಿಯಾಕ ತಾಯಿನ್ನ ಕೊಲ್ತಾರ. ಹಂಗ ಅನಾಥವಾದ ಮರಿಗಳಿಗಾಗಿಯೇ ಉಗಾಂಡದ ಎನ್‌ಗಾಂಬಾ ದ್ವೀಪದಲ್ಲಿ 1998ರಿಂದ ಒಂದು ಆಶ್ರಯಧಾಮ ನಡೆಯುತ್ತಿದೆ.

3/6
"ಆಫ್ರಿಕಾ ದೂರ ಬಿಡೋ" ಅಂತೀರಿ. ಸರಿ, ಬೆಂಗಳೂರಿಗೆ ಬರ್ರಿ. 2023ರ ಜನವರಿಯಲ್ಲಿ ಕಂದಾಯ ಗುಪ್ತಚರ ಅಧಿಕಾರಿಗಳು ಬ್ಯಾಂಕಾಕ್‌ನಿಂದ ಬಂದವರ ಬ್ಯಾಗಿನಲ್ಲಿ 18 ವಿದೇಶಿ ಪ್ರಾಣಿಗಳನ್ನು ಹಿಡಿದರು. ಅದರಾಗ 4 ಮಂಗನ ಜಾತಿಯವು. ಅದರ ಬೆನ್ನು ಹತ್ತಿ ಒಂದು ಫಾರ್ಮ್‌ಹೌಸ್ ಜಾಲಾಡಿದ್ರ, ಇನ್ನೂ 139 ಪ್ರಾಣಿ, 48 ಜಾತಿ. ಬೇಕು ಅನ್ನೋರು ಇರೋದಕ್ಕೇ ಬ್ಯಾಗಿನ್ಯಾಗ ತುಂಬೋರು ಇದ್ದಾರ. ನಾವು ಒತ್ತೋ ಹಾರ್ಟು ಆ ಸಂತಿಯ ಪುಕ್ಕಟೆ ಡಂಗುರ.

4/6
"ರೆಸ್ಕ್ಯೂ ಮಾಡ್ತಾರಲ್ಲ, ಮತ್ತೇನು?" ಅನ್ನೋರಿಗೆ ಬನ್ನೇರುಘಟ್ಟದ ಕರಡಿಗಳ ಕಥಿ. ಊರೂರು ಕುಣಿಸೋ ಕರಡಿ ನಮ್ಮ ಅಜ್ಜ-ಅಜ್ಜಿಗೆ ಗೊತ್ತು, ಕೂದಲು ಕಿತ್ತು ತಾಯತಕ್ಕ ಹಾಕಿಸ್ತಿದ್ರು. ಕಾದ ಕಬ್ಬಿಣದಿಂದ ಮರಿಯ ಮೂತಿ ತೂತು ಮಾಡಿ ಹಗ್ಗ ಪೋಣಿಸ್ತಿದ್ರು, ಹಲ್ಲು ಮುರೀತಿದ್ರು. 1972ರ ಕಾಯ್ದೆ ಬಂದ ಮ್ಯಾಲೂ ಆಟ ನಿಲ್ಲಲಿಲ್ಲ. ಅರಣ್ಯ ಇಲಾಖೆ, ವೈಲ್ಡ್‌ಲೈಫ್ ಎಸ್‌ಒಎಸ್ ಸೇರಿ 2005ರಲ್ಲಿ ಅಲ್ಲಿ ಕೇಂದ್ರ ತೆರೆದವು. 2009ರ ಡಿಸೆಂಬರ್‌ನಲ್ಲಿ ಕೊನೆಯ ಕುಣಿಯುವ ಕರಡಿ ರಾಜು ಅಲ್ಲಿಗೆ ಬಂತು. ಹಗ್ಗ ಬಿಚ್ಚಿದ್ರು, ಖರೆ. ಆದರ ಹಲ್ಲಿಲ್ಲದ, ಬೇಟೆ ಕಲಿಯದ ಕರಡಿನ್ನ ಕಾಡಿಗೆ ಬಿಡಾಕ ಆಗಂಗಿಲ್ಲ. ಆಶ್ರಯಧಾಮ ಅಂದ್ರ ದವಾಖಾನಿ ಇದ್ದಂಗ. ದವಾಖಾನಿ ಅದ ಅಂತ ಯಾರಾದ್ರೂ ಕಾಲು ಮುರ್ಕೋತಾರೇನು?

5/6
ಇನ್ನೊಂದು ಮಾತು: "ಮಂಗ್ಯಾ ಶೇಂಗಾ ಹೊಲ ಹಾಳು ಮಾಡ್ತಾವ, ನಿಂಗೇನು ಗೊತ್ತು?" ರೈತರ ಸಿಟ್ಟು ನ್ಯಾಯವಾದದ್ದೇ. ಪರಿಹಾರ ಕೇಳೋಣ, ಜೋರಾಗೇ ಕೇಳೋಣ. ಆದರ 2021ರ ಜುಲೈನಲ್ಲಿ ಹಾಸನ ಜಿಲ್ಲೆಯ ಚೌಡನಹಳ್ಳಿ ಹತ್ತಿರ ಗೋಣಿಚೀಲದಾಗ 38 ಮಂಗ ಸತ್ತು ಬಿದ್ದಿದ್ವು. ಹೈಕೋರ್ಟೇ ತಾನಾಗಿ ಕೇಸು ತಗೊಂತು. ಅದರಿಂದ ಯಾವ ರೈತನ ಹೊಲ ಉಳೀತು? ಅತ್ತ ಹೊಲದ ಮಂಗ್ಯಾಗ ಚೀಲ, ಇತ್ತ ರೀಲ್ಸಿನ ಮಂಗ್ಯಾಗ ಫ್ರಾಕ್. ಎರಡರಾಗೂ ಅದನ್ನ ಕಾಡಿನ ಜೀವ ಅಂತ ಬದುಕಾಕ ಬಿಟ್ಟಿಲ್ಲ.

6/6
ಕೊನೀದು. ಕರಡಿ ಆಡಿಸ್ತಿದ್ದ ಕಲಂದರರು ಬಡವರು. ಬೇರೆ ದುಡಿಮೆಗೆ ನೆರವು, ಮಕ್ಕಳಿಗೆ ಸಾಲಿ ಸಿಕ್ಕ ಮ್ಯಾಲೆ ತಲೆಮಾರಿನ ಕಸುಬನ್ನೇ ಬಿಟ್ರು. ಹೊಟ್ಟೆಪಾಡಿಗೆ ಹಗ್ಗ ಹಿಡಿದವರು ಬಿಟ್ಟಾರ. ಹೊಟ್ಟಿ ತುಂಬಿದ ನಾವು ಒಂದು ಲೈಕ್ ಬಿಡಾಕ ಆಗಂಗಿಲ್ಲೇನು?

ಮಾಡೋದು ಇಷ್ಟೇ: ಅಂಥ ರೀಲ್ಸ್ ಶೇರ್ ಮಾಡಬ್ಯಾಡ್ರಿ, ರಿಪೋರ್ಟ್ ಒತ್ರಿ. ಎಲ್ಲಾದ್ರೂ ಕಟ್ಟಿಹಾಕಿದ ಮಂಗ್ಯಾ ಕಂಡ್ರ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಹಚ್ರಿ. ವಾದ ಇದ್ದೋರು ಕಾಮೆಂಟಿಗೆ ಬರ್ರಿ. ಕ್ಯೂಟ್ ಅನ್ನೋರು ಮೊದಲು 2ನೇ ಸ್ಲೈಡ್ ಇನ್ನೊಮ್ಮೆ ಓದ್ರಿ.

#ತಾಯಿಎಲ್ಲದ #ಯಾಪಲದಿನ್ನಿ #ರಾಯಚೂರು