ನಲ್ಲಿಗೆ ಮಾತ್ರ ನಿಯಮ ಸಾಲದು, ಟ್ಯಾಂಕರ್ ತುಂಬುವ ಬೋರ್‌ವೆಲ್‌ಗೂ ಬೇಕು

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಒಂದು ಆದೇಶ ಹೊರಡಿಸಿತು. ಕುಡಿಯುವ ನೀರಿನಲ್ಲಿ ಕಾರು, ಬೈಕು ತೊಳೆಯುವಂತಿಲ್ಲ. ಕೈತೋಟಕ್ಕೆ ಬಿಡುವಂತಿಲ್ಲ. ಕಟ್ಟಡ ಕೆಲಸಕ್ಕೆ, ರಸ್ತೆ ಕೆಲಸಕ್ಕೆ ಬಳಸುವಂತಿಲ್ಲ. ಕಾರಂಜಿ ಹಾರಿಸುವಂತಿಲ್ಲ. ಸಿಕ್ಕಿಬಿದ್ದರೆ 5,000 ರೂಪಾಯಿ ದಂಡ. ಮತ್ತೆ ಅದೇ ತಪ್ಪು ಮಾಡಿದರೆ 5,000ದ ಜೊತೆಗೆ ದಿನಕ್ಕೆ 500 ರೂಪಾಯಿ ಹೆಚ್ಚುವರಿ. 2025ರ ಫೆಬ್ರುವರಿಯಲ್ಲಿ ಬೇಸಿಗೆ ಶುರುವಾಗುವ ಮೊದಲೇ ಇದೇ ಆದೇಶ ಮತ್ತೆ ಬಂತು.

ಟಿವಿಯಲ್ಲಿ ಈ ಸುದ್ದಿ ನೋಡಿ ನಮ್ಮ ಹಳ್ಳಿಗಳಲ್ಲಿ ಬಹಳ ಜನ ನಕ್ಕರು. "ಪಟ್ಟಣದವರಿಗೆ ಈಗ ಗೊತ್ತಾಯ್ತು ನೋಡು ನೀರಿನ ಬೆಲೆ" ಅಂತ. ನಗು ಬಂದದ್ದು ಸಹಜ. ಆದರೆ ಅದು ಅವರ ಊರಿನ ಸುದ್ದಿ ಅಂತ ಬಿಟ್ಟುಬಿಡುವ ಹಾಗಿಲ್ಲ. ನಗರದಲ್ಲಿ ನಲ್ಲಿಗೆ ಬೀಗ ಬಿದ್ದ ಕೂಡಲೇ ಟ್ಯಾಂಕರ್‌ಗೆ ಬೇಡಿಕೆ ಏರುತ್ತದೆ. ಟ್ಯಾಂಕರ್ ತುಂಬುವುದು ನಗರದ ಅಂಚಿನ ಹಳ್ಳಿಗಳ ಬೋರ್‌ವೆಲ್‌ನಲ್ಲಿ. ಹಾಗಾಗಿ ಆ ಆದೇಶದ ಇನ್ನೊಂದು ತುದಿ ನಮ್ಮ ಹೊಲದಲ್ಲಿದೆ.

ನಾವು ಹೇಳಬೇಕಾದದ್ದು ಇಷ್ಟೇ. ನೀರಿನ ಅಭಾವ ಬಂದಾಗ ನಿಯಮ ಬೇಕು, ದಂಡವೂ ಬೇಕು. ಆದರೆ ನಿಯಮ ಪೈಪ್ ಹಿಡಿದವನ ಹತ್ತಿರವೇ ನಿಂತುಬಿಟ್ಟರೆ ಬಾಯಾರಿಕೆ ಕಡಿಮೆಯಾಗುವುದಿಲ್ಲ. ನಗರದಿಂದ ಹಳ್ಳಿಗೆ ಜಾಗ ಬದಲಾಯಿಸುತ್ತದೆ ಅಷ್ಟೇ.

ದಂಡ ಬಿದ್ದದ್ದು ಕಣ್ಣಿಗೆ ಕಂಡವರಿಗೆ

ಆದೇಶ ಬಂದ ಮೇಲೆ ಮಾರ್ಚ್ ಕೊನೆಯ ವಾರದಲ್ಲಿ ಮೂರು ದಿನಕ್ಕೆ 22 ಮನೆಯವರಿಗೆ ದಂಡ ಹಾಕಿದ್ದು ವರದಿಯಾಯಿತು. ಒಟ್ಟು 1.10 ಲಕ್ಷ ರೂಪಾಯಿ. ಕೋಟಿಗೂ ಹೆಚ್ಚು ಜನ ಇರುವ ನಗರದಲ್ಲಿ 22 ಮನೆ. ದಂಡ ಹಾಕಬಾರದಿತ್ತು ಅಂತ ನಾವು ಹೇಳುವುದಿಲ್ಲ. ಹೆದರಿಕೆಯಿಂದ ಇನ್ನಷ್ಟು ಜನ ಪೈಪ್ ಕೆಳಗಿಟ್ಟಿರಬಹುದು. ಆದರೆ ಇಂಥ ನಿಯಮ ಹಿಡಿಯುವುದು ರಸ್ತೆಗೆ ಕಾಣುವ ಬಳಕೆಯನ್ನು ಮಾತ್ರ. ಮನೆ ಮುಂದೆ ಸ್ಕೂಟರ್ ತೊಳೆದವನು ಸಿಗುತ್ತಾನೆ, ಕಾಂಪೌಂಡ್ ಒಳಗೆ ಹುಲ್ಲುಹಾಸಿಗೆ ನೀರು ಬಿಟ್ಟವನು ಸಿಗುವುದು ಕಷ್ಟ.

ಇನ್ನೊಂದು ವಿಷಯವನ್ನೂ ಗಮನಿಸಬೇಕು. 2007ರಲ್ಲಿ ಬೆಂಗಳೂರಿಗೆ 110 ಹಳ್ಳಿಗಳನ್ನು ಸೇರಿಸಿದರು. ಅಲ್ಲಿಗೆ ಕಾವೇರಿ ನೀರು ಕೊಡುವ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ ಅದು. ಅಂದರೆ 2024ರ ಬೇಸಿಗೆಯಲ್ಲಿ ಆ ಹಳ್ಳಿಗಳ ಬಹುಪಾಲು ಜನ ಬೋರ್‌ವೆಲ್ ಮತ್ತು ಟ್ಯಾಂಕರ್ ಮೇಲೆಯೇ ಬದುಕುತ್ತಿದ್ದರು. ನಗರದ 13,900 ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಎಂದು ಉಪ ಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೇ ಆಗ ಹೇಳಿದ್ದರು. ಕಾವೇರಿ ನಲ್ಲಿಯೇ ಇಲ್ಲದವರಿಗೆ, ನಲ್ಲಿ ನೀರಿನಲ್ಲಿ ಕಾರು ತೊಳೆಯಬೇಡಿ ಎಂಬ ಆದೇಶದಿಂದ ಆಗುವುದೇನು? ಅವರು ಟ್ಯಾಂಕರ್‌ಗೆ ಫೋನ್ ಮಾಡಿದರು.

ದರ ಗೊತ್ತಾಯಿತು, ಮೂಲ ಗೊತ್ತಾಗಲಿಲ್ಲ

ಟ್ಯಾಂಕರ್ ದರ ಕೈಮೀರಿದಾಗ ಬೆಂಗಳೂರು ನಗರ ಜಿಲ್ಲಾಡಳಿತ ದರ ಕಟ್ಟಿತು. ಐದು ಕಿಲೋಮೀಟರ್ ಒಳಗಾದರೆ 6,000 ಲೀಟರಿಗೆ 600 ರೂಪಾಯಿ, 8,000 ಲೀಟರಿಗೆ 700, 12,000 ಲೀಟರಿಗೆ 1,000. ಐದರಿಂದ ಹತ್ತು ಕಿಲೋಮೀಟರ್ ಆದರೆ 750, 850, 1,200. ಟ್ಯಾಂಕರ್‌ಗಳು ನೋಂದಣಿ ಮಾಡಿಸಬೇಕು ಅಂತಲೂ ಹೇಳಿದರು. ಒಳ್ಳೆಯ ಕೆಲಸವೇ. ಕೊಳ್ಳುವವರಿಗೆ ಒಂದು ಲೆಕ್ಕ ಸಿಕ್ಕಿತು.

ಆದರೆ ಕೊಡುವ ಊರಿಗೆ ಯಾವ ಲೆಕ್ಕ ಸಿಕ್ಕಿತು? ಯಾವ ಗ್ರಾಮದ ಯಾವ ಬೋರ್‌ನಿಂದ ದಿನಕ್ಕೆ ಎಷ್ಟು ಲೋಡ್ ಹೋಯಿತು ಎಂಬ ಪಟ್ಟಿ ನಾವು ಓಡಾಡುವ ಯಾವ ಪಂಚಾಯಿತಿಯ ನೋಟಿಸ್ ಬೋರ್ಡಿನಲ್ಲೂ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ. ಜಲ ಜೀವನ್ ಮಿಷನ್ ಪ್ರಕಾರ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರ್ ಕೊಡಬೇಕು. ನಗರಗಳಿಗೆ ಸರ್ಕಾರ ಇಟ್ಟುಕೊಂಡಿರುವ ಮಾನದಂಡ 135 ಲೀಟರ್. ಹಳ್ಳಿಯ ಲೆಕ್ಕದಲ್ಲಿ ಹೇಳುವುದಾದರೆ 12,000 ಲೀಟರಿನ ಒಂದು ಟ್ಯಾಂಕರ್ ಅಂದರೆ 218 ಜನರ ಒಂದು ದಿನದ ನೀರು. ಐದು ಜನರ ಒಂದು ಮನೆಗೆ 43 ದಿನ ಬರುವ ನೀರು. ಒಂದು ಬೋರ್‌ನಿಂದ ದಿನಕ್ಕೆ ಹತ್ತು ಲೋಡ್ ಹೋದರೆ ಎರಡು ಸಾವಿರ ಜನರ ಒಂದು ಊರಿನ ಪಾಲು ಹೋಯಿತು.

ಈ ಲೆಕ್ಕದ ಹಿಂದೆ ನೆನಪಿಡಬೇಕಾದ ಇನ್ನೊಂದು ಮಾತಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದ್ದರು. ಅಂದರೆ ನೀರು ಕೊಳ್ಳುವ ಊರಿಗೂ ಬರ, ಕೊಡುವ ಊರಿಗೂ ಬರ. ಇಂಥ ವರ್ಷದಲ್ಲಿ ಸರ್ಕಾರವೇ ರೈತರ ಬೋರ್‌ವೆಲ್ ಬಾಡಿಗೆಗೆ ಪಡೆದು ಹಳ್ಳಿಗಳಿಗೆ ಕುಡಿಯುವ ನೀರು ಕೊಡುತ್ತದೆ. ಒಂದು ಕಡೆ ಊರಿಗೆ ಬಾಡಿಗೆ ಬೋರ್ ಹುಡುಕುವುದು, ಇನ್ನೊಂದು ಕಡೆ ಅದೇ ದಾರಿಯಲ್ಲಿ ತುಂಬಿದ ಟ್ಯಾಂಕರ್ ಹೋಗುವುದು. ಇವೆರಡೂ ಒಂದೇ ದಿನ ನಡೆಯಬಾರದು.

"ನಮ್ಮ ಬೋರ್, ನಮ್ಮ ನೀರು"

ಇದನ್ನು ಹೇಳಿದ ಕೂಡಲೇ ಬರುವ ಉತ್ತರ ನಮಗೆ ಗೊತ್ತಿದೆ. "ಸಾಲ ಮಾಡಿ ಬೋರ್ ಕೊರೆಸಿದ್ದು ನಾನು. ಟೊಮೆಟೊ ಬೆಲೆ ಬಿದ್ದಾಗ ಯಾರೂ ಬರಲಿಲ್ಲ. ಈಗ ನೀರು ಮಾರಿ ನಾಲ್ಕು ಕಾಸು ನೋಡುತ್ತಿದ್ದರೆ ನಿಯಮ ಹೇಳೋಕೆ ಬರ್ತೀರಾ?"

ಈ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಬೆಳೆಗಿಂತ ನೀರಿಗೇ ಹೆಚ್ಚು ದುಡ್ಡು ಬರುವ ಸ್ಥಿತಿಗೆ ರೈತನನ್ನು ತಂದವರು ಯಾರು ಎಂಬ ಪ್ರಶ್ನೆ ಇದ್ದೇ ಇದೆ. ಆದರೂ ಎರಡು ಮಾತು ಹೇಳಬೇಕು.

ಮೊದಲನೆಯದು, ಭೂಮಿಯ ಮೇಲೆ ಸರ್ವೆ ನಂಬರಿಗೆ ಬೇಲಿ ಇದೆ, ಕೆಳಗಿನ ನೀರಿಗೆ ಇಲ್ಲ. ಒಬ್ಬರ ಸಾವಿರ ಅಡಿ ಬೋರ್ ಹಗಲು ರಾತ್ರಿ ಓಡಿದರೆ ಪಕ್ಕದವರ ಆರುನೂರು ಅಡಿ ಬೋರ್ ಕೆಮ್ಮಲು ಶುರು ಮಾಡುತ್ತದೆ. ಆ ಪಕ್ಕದ ಬೋರ್ ಊರಿನ ಕುಡಿಯುವ ನೀರಿನದೇ ಆಗಿರಬಹುದು. ಕೋಲಾರ ಜಿಲ್ಲೆಯಲ್ಲಿ ಭೂಮಿಗೆ ಇಂಗುವುದಕ್ಕಿಂತ ಹೆಚ್ಚು ನೀರನ್ನು ಮೇಲೆತ್ತುತ್ತಿದ್ದೇವೆ ಎಂದು ಕೇಂದ್ರ ಅಂತರ್ಜಲ ಮಂಡಳಿ ವರ್ಷಗಳಿಂದ ಹೇಳುತ್ತಲೇ ಇದೆ.

ಎರಡನೆಯದು ಕರೆಂಟು. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಸರ್ಕಾರ ಉಚಿತ ವಿದ್ಯುತ್ ಕೊಡುವುದು ಬೇಸಾಯಕ್ಕೆ. ಆ ಕರೆಂಟಿನಲ್ಲಿ ಎತ್ತಿದ ನೀರು ಟ್ಯಾಂಕರ್ ಹತ್ತಿದರೆ ಅದು ಬೇಸಾಯವಲ್ಲ, ವ್ಯಾಪಾರ. ವ್ಯಾಪಾರ ಮಾಡುವವರು ಲೆಕ್ಕ ಕೊಡಬೇಕು, ಮಿತಿಯಲ್ಲೂ ಇರಬೇಕು. ನೀರು ಮಾರಲೇಬಾರದು ಎಂಬುದು ನಮ್ಮ ವಾದವಲ್ಲ. ಊರಿನ ಕೊಡ ತುಂಬಿದ ಮೇಲೆ ಟ್ಯಾಂಕರ್ ತುಂಬಲಿ ಎಂಬುದು ವಾದ.

ಕಾನೂನು ಇದೆ, ಕೇಳುವವರು ಬೇಕು

ಇದಕ್ಕೆ ಹೊಸ ಕಾನೂನು ಬರುವವರೆಗೆ ಕಾಯಬೇಕಿಲ್ಲ. ಕುಡಿಯುವ ನೀರಿನ ಮೂಲಗಳನ್ನು ಕಾಪಾಡಲೆಂದೇ ರಾಜ್ಯದಲ್ಲಿ 1999ರ ಒಂದು ಅಂತರ್ಜಲ ಕಾಯ್ದೆ ಇದೆ. ಅದರ ಪ್ರಕಾರ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬೋರ್ ಕೊರೆಯುವಂತಿಲ್ಲ. ಬರ ಬಂದಾಗ ಒಂದು ಪ್ರದೇಶವನ್ನು ನೀರಿನ ಅಭಾವ ಪ್ರದೇಶ ಎಂದು ಘೋಷಿಸಿ, ಕುಡಿಯುವ ನೀರಿನ ಮೂಲದ ಹತ್ತಿರದ ಬಾವಿಗಳಿಂದ ನೀರೆತ್ತುವುದಕ್ಕೆ ಮಿತಿ ಹಾಕುವ ಅಧಿಕಾರವೂ ಅದರಲ್ಲಿದೆ. 2011ರ ಇನ್ನೊಂದು ಕಾಯ್ದೆ ಅಧಿಸೂಚಿತ ಪ್ರದೇಶಗಳಲ್ಲಿ ಬೋರ್ ಕೊರೆಯಲು ಅನುಮತಿ, ಇರುವ ಬೋರ್‌ಗೆ ನೋಂದಣಿ ಬೇಕು ಎನ್ನುತ್ತದೆ.

ನಗರದಲ್ಲಿ ಜಲಮಂಡಳಿಯ ಆದೇಶ ಮರುದಿನವೇ ಎಲ್ಲರ ಮೊಬೈಲಿಗೆ ಬಂತು. ಹಳ್ಳಿಗೆ ಅನ್ವಯವಾಗುವ ಈ ಕಾನೂನು ಬಂದು ಇಷ್ಟು ವರ್ಷವಾದರೂ ಬಹಳ ಊರುಗಳಲ್ಲಿ ಅದರ ಹೆಸರೂ ಗೊತ್ತಿಲ್ಲ.

ಅಭಾವದ ನಿಯಮ ನಮಗೆ ಹೊಸದಲ್ಲ

ನೀರು ಕಡಿಮೆಯಾದಾಗ ಪಾಲು ಹಾಕುವುದನ್ನು ಪಟ್ಟಣದವರಿಂದ ಕಲಿಯಬೇಕಿಲ್ಲ. ಕೆರೆ ಕೆಳಗಿನ ಊರುಗಳಲ್ಲಿ ನೀರಗಂಟಿ ಇರುತ್ತಿದ್ದ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ನೋಡುವುದು ಅವನ ಕೆಲಸ. ಕೆರೆ ಅರ್ಧ ತುಂಬಿದ ವರ್ಷ ಅಚ್ಚುಕಟ್ಟಿನವರೆಲ್ಲ ಕೂತು, ಇಷ್ಟು ಭಾಗಕ್ಕೆ ಮಾತ್ರ ಈ ಸಲ ನೀರು, ಅದರಲ್ಲಿ ಎಲ್ಲರಿಗೂ ಅವರವರ ಹಿಡುವಳಿಗೆ ತಕ್ಕ ಪಾಲು ಎಂದು ತೀರ್ಮಾನ ಮಾಡುತ್ತಿದ್ದರು. ಕೆಲವು ಕಡೆ ಇದಕ್ಕೆ ದಾಮಾಷ ಎನ್ನುತ್ತಿದ್ದರು. ಆ ವ್ಯವಸ್ಥೆಯಲ್ಲಿ ಜಾತಿಯ ಏರುಪೇರು ಇತ್ತು, ಅದನ್ನು ಮುಚ್ಚಿಡುವುದು ಬೇಡ. ಜಮೀನಿಲ್ಲದವನಿಗೆ ಪಾಲೇ ಇರಲಿಲ್ಲ. ಆದರೆ ಒಂದು ಗುಣ ಅದರಲ್ಲಿತ್ತು. ಇರುವ ನೀರನ್ನು ಮೊದಲು ಅಳೆಯುತ್ತಿದ್ದರು, ಆಮೇಲೆ ಹಂಚುತ್ತಿದ್ದರು.

ಮಹಾರಾಷ್ಟ್ರದ ಅಹಮದ್‌ನಗರ ಜಿಲ್ಲೆಯ (ಈಗ ಅಹಿಲ್ಯಾನಗರ) ಹಿವರೆ ಬಜಾರ್ ಇದನ್ನೇ ಇಂದಿಗೂ ಮಾಡುತ್ತಿದೆ. ಬರಗಾಲದ ಊರು ಅದು. ಪೋಪಟರಾವ್ ಪವಾರ್ ಸರಪಂಚರಾದ ಮೇಲೆ ಗ್ರಾಮಸಭೆಯಲ್ಲಿ ನಿಯಮ ಮಾಡಿದರು. ಬೇಸಾಯಕ್ಕೆ ಬೋರ್‌ವೆಲ್ ಬೇಡ, ಕಬ್ಬು, ಬಾಳೆಯಂಥ ಹೆಚ್ಚು ನೀರಿನ ಬೆಳೆ ಬೇಡ. ಪ್ರತಿ ವರ್ಷ ಮಳೆ ಎಷ್ಟಾಯಿತು, ಬಾವಿಯಲ್ಲಿ ಎಷ್ಟಿದೆ ಎಂದು ಅಳೆದು, ಜನರಿಗೆ ಮತ್ತು ದನಕರುಗಳಿಗೆ ಎತ್ತಿಟ್ಟು, ಉಳಿದದ್ದರಲ್ಲಿ ಯಾವ ಬೆಳೆ ಎಂದು ತೀರ್ಮಾನಿಸುತ್ತಾರೆ. ಪೊಲೀಸರಿಲ್ಲ, 5,000 ರೂಪಾಯಿ ದಂಡವಿಲ್ಲ. ನಿಯಮ ಮಾಡಿದವರು ಅವರೇ ಆದ್ದರಿಂದ ನಡೆಯುತ್ತಿದೆ.

ದೊಡ್ಡ ನಗರವೂ ಅಳತೆಯ ನಿಯಮ ಮಾಡಬಹುದು. 2018ರ ಫೆಬ್ರುವರಿಯಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರ, ಒಬ್ಬರಿಗೆ ದಿನಕ್ಕೆ 50 ಲೀಟರ್ ಎಂದು ಮಿತಿ ಹಾಕಿತು. ಯಾವುದಕ್ಕೆ ಬಳಸುತ್ತೀರಿ ಎಂಬುದರ ಜೊತೆಗೆ ಎಷ್ಟು ಬಳಸುತ್ತೀರಿ ಎಂದೂ ಕೇಳಿತು. 2015ಕ್ಕೆ ಹೋಲಿಸಿದರೆ ನಗರದ ಬಳಕೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಆಗ ನಗರಕ್ಕೆ ನೀರು ಬಿಟ್ಟುಕೊಟ್ಟವರಲ್ಲಿ ಅಲ್ಲಿನ ರೈತರೂ ಇದ್ದರು. ತಮ್ಮ ಅಣೆಕಟ್ಟೆಗಳಿಂದ ಸುಮಾರು 1,000 ಕೋಟಿ ಲೀಟರ್ ಕೊಟ್ಟರು. ಆ ಕೊಡುಗೆ ಲೆಕ್ಕಕ್ಕೆ ಸಿಕ್ಕಿತು, ಜಗತ್ತಿಗೆ ಗೊತ್ತಾಯಿತು. ನಮ್ಮ ಹಳ್ಳಿಗಳು ಕೊಡುವ ನೀರು ರಾತ್ರೋರಾತ್ರಿ ಟ್ಯಾಂಕರ್‌ನಲ್ಲಿ ಹೋಗುತ್ತದೆ, ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ.

ನಗರದಿಂದ ನಮಗೂ ನೀರು ಬರುತ್ತಿದೆ ಎನ್ನುವವರಿದ್ದಾರೆ. ನಿಜ, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರು ಬಳಸಿ ಬಿಟ್ಟ ನೀರು ಎರಡು ಹಂತದ ಶುದ್ಧೀಕರಣ ಮುಗಿಸಿ ಕೋಲಾರದ ಕೆರೆಗಳಿಗೆ ಬರುತ್ತಿದೆ. ಮೂರನೇ ಹಂತವೂ ಆಗಲಿ ಎಂದು ರೈತರು ಕೇಳುತ್ತಲೇ ಇದ್ದಾರೆ. ಕೆರೆ ತುಂಬಿದ್ದು ಸಂತೋಷವೇ, ಆದರೆ ಅದು ಕುಡಿಯುವ ನೀರಲ್ಲ. ನಗರ ಬಳಸಿ ಬಿಟ್ಟದ್ದು ನಮ್ಮ ಕೆರೆಗೆ ಬರುತ್ತದೆ, ಹಳ್ಳಿಯ ಕುಡಿಯುವ ನೀರು ಟ್ಯಾಂಕರ್ ಹತ್ತುತ್ತದೆ. ಇದನ್ನು ಸಮ ಅನ್ನಲಾಗದು.

ಹಾಗಾದರೆ ಏನು ಮಾಡೋಣ?

ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಆಗಬೇಕು. ಮುಂದಿನ ಸಭೆಯಲ್ಲಿ ಮನೆ ಪಟ್ಟಿ, ನರೇಗಾ ಪಟ್ಟಿಯ ಜೊತೆಗೆ ನೀರಿನ ವಿಷಯವನ್ನೂ ಎತ್ತಿ. ಹೀಗೆ ಕೇಳಬಹುದು:

ಒಂದು, ಟ್ಯಾಂಕರ್‌ಗೆ ನೀರು ಕೊಡುವ ಪ್ರತಿ ಬೋರ್‌ಗೆ ಪಂಚಾಯಿತಿಯಲ್ಲಿ ಒಂದು ಪುಸ್ತಕ ಇರಲಿ. ದಿನಕ್ಕೆ ಎಷ್ಟು ಲೋಡ್, ಎಷ್ಟು ಲೀಟರ್ ಎಂದು ಬರೆಯಲಿ. ತಿಂಗಳಿಗೊಮ್ಮೆ ನೋಟಿಸ್ ಬೋರ್ಡಿಗೆ ಹಾಕಲಿ.

ಎರಡು, ಊರಿನ ಓವರ್‌ಹೆಡ್ ಟ್ಯಾಂಕ್ ತುಂಬದ ದಿನ ಹೊರಗಿನ ಟ್ಯಾಂಕರ್‌ಗೆ ನೀರು ಇಲ್ಲ ಎಂದು ಠರಾವು ಮಾಡಿ.

ಮೂರು, ಊರಿನ ಕುಡಿಯುವ ನೀರಿನ ಬೋರ್‌ನಿಂದ 500 ಮೀಟರ್ ಒಳಗೆ ಯಾವ ಯಾವ ಬೋರ್ ಇವೆ, ಅನುಮತಿ ಇದೆಯೇ ಎಂದು ಪಿಡಿಒ ಅವರನ್ನು ಲಿಖಿತವಾಗಿ ಕೇಳಿ.

ನಾಲ್ಕು, ಬರ ಘೋಷಣೆಯಾದರೆ 1999ರ ಕಾಯ್ದೆಯಡಿ ಕ್ರಮ ಕೈಗೊಳ್ಳಿ ಎಂದು ತಹಶೀಲ್ದಾರರಿಗೆ, ಜಿಲ್ಲಾಧಿಕಾರಿಗೆ ಗ್ರಾಮಸಭೆಯ ಠರಾವು ಕಳಿಸಿ. ಒಬ್ಬರು ಬರೆದ ಅರ್ಜಿಗಿಂತ ಠರಾವಿಗೆ ತೂಕ ಹೆಚ್ಚು.

ಐದು, ನಮ್ಮ ಮನೆಯನ್ನೂ ನೋಡಿಕೊಳ್ಳೋಣ. ಬೀದಿ ನಲ್ಲಿಗೆ ತಿರುಗಣೆ ಇಲ್ಲದೆ ನಿಮಿಷಕ್ಕೆ ಹತ್ತು ಲೀಟರಿನಂತೆ ಎರಡು ಗಂಟೆ ಸುರಿದರೆ 1,200 ಲೀಟರ್ ಚರಂಡಿಗೆ ಹೋಯಿತು. 21 ಜನರ ಪಾಲು ಅದು. ಮನೆ ನಲ್ಲಿಗೇ ನೇರವಾಗಿ ಮೋಟಾರ್ ಇಟ್ಟು ಎಳೆಯುವವರು ಪ್ರತಿ ಊರಲ್ಲೂ ಇದ್ದಾರೆ. ಅವರಿಂದ ಕೊನೆಯ ಬೀದಿಗೆ, ಸಾಮಾನ್ಯವಾಗಿ ಕಾಲೊನಿಗೆ, ನೀರು ತಲುಪುವುದಿಲ್ಲ. ನಗರದ ಕಾರನ್ನು ಬೈಯುವ ಮೊದಲು ಆ ಮೋಟಾರನ್ನು ಬಿಚ್ಚಿಸಬೇಕು. ಇಲ್ಲದಿದ್ದರೆ ಟ್ಯಾಂಕರ್‌ನವರು ನಮ್ಮ ಮಾತನ್ನು ಏಕೆ ಕೇಳಬೇಕು?

ಬೆಂಗಳೂರಿನ ಅಧಿಕಾರಿಗಳಿಗೂ ಒಂದು ಮಾತು. ಮುಂದಿನ ಬೇಸಿಗೆಗೆ ಕಾರು ತೊಳೆಯಬೇಡಿ ಎಂಬ ಆದೇಶ ಹೊರಡಿಸುವಾಗ ಇನ್ನೊಂದು ಸಾಲು ಸೇರಿಸಿ. ನೋಂದಣಿಯಾದ ಪ್ರತಿ ಟ್ಯಾಂಕರ್ ಎಲ್ಲಿ ತುಂಬಿಸಿತು ಎಂಬುದನ್ನು ತೋರಿಸಬೇಕು, ಆ ಗ್ರಾಮ ಪಂಚಾಯಿತಿಗೆ ಅದರ ಲೆಕ್ಕ ಹೋಗಬೇಕು. ದರದ ಪಟ್ಟಿ ಮಾಡಲು ಸಾಧ್ಯವಾದರೆ ಇದೂ ಸಾಧ್ಯ.

ಓದುಗರೇ, ನಿಮ್ಮ ಊರಿನಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ತುಂಬುತ್ತದೆ ಎಂದು ಒಂದು ವಾರ ಎಣಿಸಿ ನೋಡಿ. ದಿನಾಂಕ, ಲೋಡ್, ಅಂದಾಜು ಲೀಟರ್ ಒಂದು ಹಾಳೆಯಲ್ಲಿ ಬರೆದಿಡಿ. ಯಾರೊಂದಿಗೂ ಜಗಳ ಬೇಡ, ದಾರಿ ಅಡ್ಡಗಟ್ಟುವುದೂ ಬೇಡ. ಆ ಹಾಳೆಯನ್ನು ಗ್ರಾಮಸಭೆಗೆ ತೆಗೆದುಕೊಂಡು ಹೋಗಿ. ಮಾತು ಅಲ್ಲಿಂದ ಶುರುವಾಗಲಿ.